ಆರು ತುಂಡಾದ ಕಮಲಾಪುರದ ಕೌದಿ

ದೀಪಾವಳಿಗೆ ಎಂಟು ದಿನ ಇರುವಾಗ, ಭಾನುವಾರ ಬೆಳಿಗ್ಗೆ, ಕಲಬುರಗಿಯ ಶಹಾಬಜಾರದ ಬಾಡಿಗೆ ಮನೆಯಲ್ಲಿ ಕುಳಿತು ನಾನು ಒಂದು ಕೌದಿಯನ್ನು ಆರು ತುಂಡು ಮಾಡಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದ ಹೊದಿಕೆ ಅದು. ದಪ್ಪವಿತ್ತು, ಕತ್ತರಿ ಎರಡು ಸಲ ಜಾರಿತು. ಮಧ್ಯಾಹ್ನದ ಹೊತ್ತಿಗೆ ಎರಡು ದಿಂಬಿನ ಚೀಲ, ಗೋಡೆಗೆ ಒಂದು ಪಟ, ಬಾಗಿಲಿಗೆ ಮೂರು ತ್ರಿಕೋನಗಳ ತೋರಣ ಸಿದ್ಧವಾದವು. ಖರ್ಚು ಏನೂ ಇಲ್ಲ. ಫೋಟೊ ನೋಡಿದ ಚಾಮರಾಜನಗರದ ನೆಂಟರು, ಗೆಳತಿಯರು ಮಾಡುವ ವಿಧಾನ ಬರೆದು ಕಳಿಸು ಎಂದರು. ಅದನ್ನೇ ಬರೆಯುತ್ತಿದ್ದೇನೆ.

ವರ್ಗಾವಣೆಯಾಗಿ ನಾನು ಇಲ್ಲಿಗೆ ಬಂದದ್ದು ಅದರ ಹಿಂದಿನ ವರ್ಷ ಜೂನ್‌ನಲ್ಲಿ. ಗಂಡನ ಕೆಲಸ ಊರಿನಲ್ಲೇ ಉಳಿಯಿತು; ಜೊತೆಗೆ ಬಂದವಳು ಐದು ವರ್ಷದ ಮಗಳು ಚಿನ್ಮಯಿ. ಮನೆ ಹುಡುಕುವಾಗ ನಾಲ್ಕು ಕಡೆ ಬಾಡಿಗೆಯ ಮಾತಿಗಿಂತ ಮೊದಲು ನಾವು ಯಾರ ಪೈಕಿ ಎಂದು ಕೇಳಿದರು. ಚಾಮರಾಜನಗರದಲ್ಲೂ ಕೇಳುತ್ತಾರೆ, ಅಲ್ಲಿ ಉತ್ತರ ಗೊತ್ತಿದ್ದೇ ಕೇಳುತ್ತಾರೆ. ಕೊನೆಗೆ ಸಿಕ್ಕ ಮನೆಯ ಗೋಡೆಗಳಲ್ಲಿ ಸುಣ್ಣ ಉದುರುತ್ತಿತ್ತು. ಒಂದು ಮೊಳೆಯನ್ನೂ ಹೊಡೆಯಬಾರದು ಎಂಬುದು ಮಾಲೀಕರ ಷರತ್ತು.

ಹಾಗಾಗಿ ದಾರ, ಅಂಟು, ರದ್ದಿ ಕಾಗದ. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಬೀಸಣಿಗೆಯಂತೆ ಮಡಚಿ ಉದುರಿದ ಜಾಗಕ್ಕೆ ಅಂಟಿಸಿದೆ. ಖಾಲಿ ಬಾಟಲಿಗಳಿಗೆ ಸೆಣಬಿನ ಹಗ್ಗ ಸುತ್ತಿದೆ. ಓಣಿಯ ಬಳೆ ಅಂಗಡಿಯ ಚಾಚಾ ಜೋಡಿ ತಪ್ಪಿದ ಬಳೆಗಳನ್ನು ಒಂದು ಚೀಲದ ತುಂಬ ಕೊಟ್ಟರು. “ಲೇ ಜಾವ್ ಬೇಟಿ, ಇವು ಹ್ಯಾಂಗೂ ಯಾರ ಕೈಗೂ ಏರಂಗಿಲ್ಲ.” ಉಣ್ಣೆ ದಾರ ಸುತ್ತಿ ಅವನ್ನು ಕಿಟಕಿಗೆ ಇಳಿಬಿಟ್ಟೆ. ಆ ವರ್ಷ ನಮ್ಮ ಮನೆಯಲ್ಲಿ ಜೋಡಿ ಇಲ್ಲದ ವಸ್ತುಗಳೇ ಹೆಚ್ಚಿದ್ದವು.

ಎದುರು ಮನೆಯ ಮಹಾನಂದಕ್ಕ ಮೊದಲು ಬಾಗಿಲು ತೆರೆದವರು, ಬಹಳ ಕಾಲ ತೆರೆದವರು ಅವರೊಬ್ಬರೇ. ತವರು ಕಮಲಾಪುರ. ಅನ್ನ, ಮುದ್ದೆಯ ಕೈಗೆ ಜೋಳದ ರೊಟ್ಟಿ ಕಲಿಸಿದವರು ಅವರು. ನನ್ನ ಕೈಯನ್ನು ಒಂದು ವಾರ ನೋಡಿ ಹೇಳಿದರು: “ಗಟ್ಟಿ ಬಡೀರಿ ಬಾಯಾರ. ಕೂಸು ಮಲಗಸಾಕತ್ತೀರೇನು?” ಎರಡು ತಿಂಗಳಿಗೆ ರೊಟ್ಟಿ ಉಬ್ಬಿತು. ಅದನ್ನು ಅವರು ಓಣಿಗೆಲ್ಲ ಹೇಳಿಕೊಂಡು ಬಂದರು.

ಆ ಡಿಸೆಂಬರ್‌ನಲ್ಲಿ ಚಿನ್ಮಯಿಗೆ ಜ್ವರ ಬಂದಾಗ ಕೌದಿ ತಂದವರೂ ಅವರೇ. ತೀರಿಹೋದ ತಾಯಿ ಹೊಲಿದದ್ದು, ಮಗುವಿಗೆ ಹೊದಿಸಿ ಎಂದರು. ಚಳಿ ಮುಗಿಯಿತು, ಅವರು ಕೇಳಲಿಲ್ಲ, ನಾನು ಒಗೆದು ಮಡಚಿಟ್ಟೆ. ಮಗುವಿಗೆಂದು ಕೊಟ್ಟ ಬಟ್ಟೆಯನ್ನು ನಮ್ಮ ಮನೆತನದಲ್ಲಿ ಯಾರೂ ಹಿಂದಕ್ಕೆ ಪಡೆಯುವುದಿಲ್ಲ. ಅವರಲ್ಲಿ ಕೌದಿ ಮಗು ಇರುವ ಮನೆಗೆ ಹೋಗುತ್ತದೆ, ತಮ್ಮ ಮನೆಯಲ್ಲಿ ಕೂಸು ಹುಟ್ಟುವಾಗ ತಿರುಗಿ ಬರುತ್ತದೆ. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕತ್ತರಿಸುವಾಗ ಒಂದು ಮೂಲೆಯಲ್ಲಿ ಗಂಟು ಕೈಗೆ ತಾಕಿತು. ಬಿಚ್ಚಿದರೆ ಉಗುರಿನಷ್ಟು ಕಂದು ಚೂರು, ಒಣಗಿ ಕಲ್ಲಾಗಿತ್ತು. ಇಲಿಯ ಕೆಲಸ ಎಂದುಕೊಂಡೆ. ಕಸದ ಬುಟ್ಟಿಗೆ ಹಾಕಿ ಸಾಬೂನು ಹಚ್ಚಿ ಕೈ ತೊಳೆದೆ.

ಹಬ್ಬದ ಮರುದಿನ ಮಹಾನಂದಕ್ಕ ಬಂದರು. ಏಳು ತಿಂಗಳ ಬಸುರಿ ಮಗಳು ಬಾಣಂತನಕ್ಕೆ ಬರುತ್ತಿದ್ದಾಳೆ, ಕೌದಿಯನ್ನು ಬಿಸಿಲಿಗೆ ಹಾಕಬೇಕು ಎಂದು ಹೇಳುತ್ತಲೇ ಒಳಗೆ ಕಾಲಿಟ್ಟವರು ತೋರಣದ ಕೆಳಗೆ ನಿಂತರು. ಒಂದು ತ್ರಿಕೋನವನ್ನು ಬೆರಳಲ್ಲಿ ಹಿಡಿದು ನೋಡಿದರು.

“ಮೂಲ್ಯಾಗ ಒಂದು ತುತ್ತು ಇತ್ತಲ್ರಿ?”

ಎಸೆದೆ ಎಂದೆ.

“ಅವ್ವ ಹೋಳಗಿ ಇಟ್ಟಿದ್ಳು,” ಎಂದರು. ಹಿಡಿದ ತ್ರಿಕೋನವನ್ನು ಬಿಟ್ಟು, “ಹಸದ ಕೌದಿ ಮ್ಯಾಲ ಕೂಸು ಮಲಗಸಂಗಿಲ್ಲ ರೀ.”

ಅವರ ಮನೆತನದಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ತುತ್ತು ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಅದರ ಮೇಲೆ ಮಲಗುವ ಮಗುವೂ ಹಸಿಯಬಾರದು. ಇಷ್ಟನ್ನು ನಾನು ತಿಳಿದದ್ದು ಮುಂದಿನ ಶನಿವಾರ, ಮತ್ತೆ ಕೂಡಿಸಿ ಹೊಲಿಸಲೆಂದು ಆರು ತುಂಡುಗಳನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದಾಗ. ಅಲ್ಲಿ ಕೆಂಪು ಬಾಳೆ ತೋಟದ ದಾರಿಯಲ್ಲಿ ಮಹಾನಂದಕ್ಕನ ಚಿಕ್ಕಮ್ಮನ ಮನೆ. ಆ ಮುದುಕಿ ತುಂಡುಗಳನ್ನು ನೆಲದ ಮೇಲೆ ಹರಡಿ, ಸರಿಯಾದ ಜಾಗಕ್ಕೆ ಒಂದೊಂದನ್ನೇ ಸರಿಸಿದರು.

“ಬಟ್ಟಿ ಕೂಡಿಸ್ತೀನಿ ತಂಗಿ. ನಮ್ಮಕ್ಕನ ಕೈ ತುತ್ತು ಎಲ್ಲಿಂದ ತರ್ಲಿ?”

ಮೂರು ವಾರ ಹಿಡಿಯಿತು. ಕತ್ತರಿ ಹೋದಲ್ಲೆಲ್ಲ ತಮ್ಮದೇ ಸೀರೆಯ ಪಟ್ಟಿ ಇಟ್ಟು ಹೊಲಿದಿದ್ದರು. ನಾಲ್ಕನೇ ಮೂಲೆಯನ್ನು ಮಾತ್ರ ಬಿಟ್ಟಿದ್ದರು. ಮಹಾನಂದಾ ತನ್ನ ಕೈಯಿಂದ ತುತ್ತು ಇಟ್ಟು ಮುಚ್ಚಲಿ ಎಂದರು.

ಕೌದಿಯನ್ನು ತಂದು ಕೊಟ್ಟಾಗ ಮಹಾನಂದಕ್ಕ ಹೊಲಿಗೆಯ ಮೇಲೆ ಬೆರಳಾಡಿಸಿದರು. “ನಿಮ್ಮ ಮನ್ಯಾಗೇ ಇರ್ಲಿ ಮೇಡಂ,” ಎಂದರು. ಅಲ್ಲಿಯವರೆಗೆ ಓಣಿಯ ಉಳಿದ ಹೆಂಗಸರಂತೆ ನಾನೂ ಅವರಿಗೆ ‘ಬಾಯಾರ’ ಆಗಿದ್ದೆ.

ಸಂಕ್ರಾಂತಿಗೆ ಚಾಮರಾಜನಗರಕ್ಕೆ ಹೋದಾಗ ನನ್ನ ಮಾತಿನ ಕೊನೆಗೆ ‘ರೀ’ ಸೇರುತ್ತಿದೆ ಎಂದು ಎಲ್ಲರೂ ನಕ್ಕರು, ಗುಲ್ಬರ್ಗದವಳು ಬಂದಳು ಎಂದರು. ಇಲ್ಲಿ ನಾನು ಮೈಸೂರು ಕಡೆಯ ಮೇಡಂ. ಅತ್ತಿಗೆ ಹಿಂದೆ ಕಳಿಸಿದ್ದ ದಿಂಬಿನ ಫೋಟೊವನ್ನು ಫೋನಿನಲ್ಲಿ ಮತ್ತೆ ತೋರಿಸಿ, ಸಂತೆಯಲ್ಲಿ ಕೌದಿ ಸಿಕ್ಕರೆ ಒಂದು ತಾ, ನಾನೂ ಕತ್ತರಿಸಿ ಮಾಡುತ್ತೇನೆ ಎಂದರು. ವಿಧಾನ ಕೇಳಿದವರು ಬಳೆ, ಬಾಟಲಿ, ಕ್ಯಾಲೆಂಡರ್ ಹಾಳೆಗಳಲ್ಲಿ ಮಾಡಿಕೊಳ್ಳಬಹುದು. ಕೌದಿಯ ವಿಧಾನ ಮೇಲೆ ಬರೆದಷ್ಟೇ.

ಜನವರಿ ಕೊನೆಯಲ್ಲಿ ಮಹಾನಂದಕ್ಕನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಕಳೆದ ಗುರುವಾರ ತೊಟ್ಟಿಲ ಕಾರ್ಯವಾಯಿತು. ಓಣಿಯ ಎಲ್ಲ ಮನೆಗಳಿಗೂ ಗುಗ್ಗರಿ ಹಂಚಿದರು; ನಮ್ಮ ಮನೆಗೂ ಬಂತು. ತೊಟ್ಟಿಲಲ್ಲಿ ಅಂಗಡಿಯಿಂದ ತಂದ ಹೊಸ ಚಾದರ ಹಾಸಿದ್ದರು. ಕೌದಿ ನಮ್ಮ ಕಪಾಟಿನಲ್ಲಿದೆ. ನಾಲ್ಕನೇ ಮೂಲೆ ಇನ್ನೂ ಮುಚ್ಚಿಲ್ಲ.