ಮಾತ್ರೆಯ ಗೋತ್ರ

ಹೃದಯದ ಆಳ ಬಲ್ಲವರಿಲ್ಲವೆಂದು ಹಿರಿಯರು ಹೇಳುತ್ತಾರೆ. ಹೆಬ್ಬಾಳದಲ್ಲಿ ನಾನು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿತ ಕಚೇರಿಯಲ್ಲಿ ಆಳದ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಹೃದಯದ ಮಾತ್ರೆಗಳ ಕಾಗುಣಿತ ಸರಿಯಿದ್ದರೆ ಸಾಕಿತ್ತು. ಅದನ್ನು ಬೈದು ಬೈದೇ ಕಲಿಸಿದವರು ಜಾನಕಿ ಮೇಡಂ.

ಒಂಟಿಕೊಪ್ಪಲಿನ ಪುರೋಹಿತರ ಮಗಳು. ಸಿಟ್ಟು ಬಂದರೆ ಹೆಡ್‌ಫೋನು ಕಿವಿಯಿಂದ ಕೊರಳಿಗೆ ಇಳಿಯುತ್ತಿತ್ತು. ಹೆಚ್ಚುಕಡಿಮೆ ದಿನವಿಡೀ ಕೊರಳಲ್ಲೇ ಇರುತ್ತಿತ್ತು. ದೂರದೇಶದ ಡಾಕ್ಟರುಗಳು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡವರಂತೆ ಹೇಳಿದ್ದನ್ನು ಕಂಪ್ಯೂಟರು ತನಗೆ ತೋಚಿದಂತೆ ಬರೆದಿಡುವುದು, ನಾವು ಕೇಳಿ ತಿದ್ದುವುದು. ಅದು ಬರೆದದ್ದನ್ನೇ ನಂಬಿದರೆ ಮುಗಿಯಿತು, ಮೇಡಂ ಶುರುಮಾಡುತ್ತಿದ್ದರು.

"ಅರ್ಚನೆ ಮಾಡ್ಸೋವಾಗ ಬರೀ ಹೆಸರು ಹೇಳ್ತೀಯೇನಮ್ಮ? ಗೋತ್ರ, ನಕ್ಷತ್ರ ಬೇಡ್ವಾ? ಮಾತ್ರೆಗೂ ಅಷ್ಟೇ ಕಣಮ್ಮ. ಯಾವ ಕಾಯಿಲೆಗೆ ಅನ್ನೋದು ಗೋತ್ರ, ಎಷ್ಟು ಮಿಲಿಗ್ರಾಂ ಅನ್ನೋದು ನಕ್ಷತ್ರ. ಕೂಡಿ ಬರ್ಲಿಲ್ವೋ, ಜಾಗ ಖಾಲಿ ಬಿಟ್ಟು ಆಸ್ಪತ್ರೆಯೋರನ್ನ ಕೇಳು. ಊಹೆ ಮಾಡೋಕೆ ನೀನೇನು ಕಣಿ ಹೇಳೋಳಾ?"

ತರಬೇತಿಯ ಕೊನೆಯಲ್ಲಿ ನನಗೊಂದು ನಿಜವಾದ ಫೈಲು ಬಂತು. ಎದೆಬಡಿತ ತಾಳ ತಪ್ಪಿದ ಮುದುಕ. ಕಂಪ್ಯೂಟರು ಬರೆದದ್ದು: ಆಮ್ಲೋಡಿಪಿನ್, ಇನ್ನೂರು ಮಿಲಿಗ್ರಾಂ. ಅದು ಬಿಪಿಯ ಮಾತ್ರೆ. ಐದೋ ಹತ್ತೋ ಮಿಲಿಗ್ರಾಂ ಕೊಡುವಂಥದ್ದು. ಗೋತ್ರವೂ ಕೂಡಲಿಲ್ಲ, ನಕ್ಷತ್ರವೂ ಕೂಡಲಿಲ್ಲ. ಮೇಡಂ ಮತ್ತೆ ಮತ್ತೆ ಕೇಳಿ, ಮಾತ್ರೆಯ ಹೆಸರು ಅಳಿಸಿ, ಜಾಗ ಖಾಲಿ ಬಿಡಿಸಿದರು.

ಮ್ಯಾನೇಜರು ದಯಮಾಡಿಸಿದರು. ಖಾಲಿ ಜಾಗವನ್ನು ಅವರು ಸಹಿಸುತ್ತಿರಲಿಲ್ಲ, ಸ್ವಂತ ತಲೆಯೊಳಗಿನದೊಂದನ್ನು ಬಿಟ್ಟು.

"ಕ್ಲೈಂಟಿಗೆ ಇದೆಲ್ಲ ಇಷ್ಟ ಆಗಲ್ಲ ಮೇಡಂ. ಸಿಸ್ಟಮ್ ಬರೆದಿದ್ದನ್ನೇ ಹಾಕಿ ಕಳಿಸ್ಬುಡಿ."

"ಕಳಿಸ್ಬುಡಿ! ನಿಮ್ಮಪ್ಪನ ಫೈಲಾಗಿದ್ರೆ ಕಳಿಸ್ತಿದ್ರೇನ್ರೀ? ನುಂಗೋನು ಕ್ಲೈಂಟಲ್ಲ ಕಣ್ರೀ, ಆ ಮುದುಕ!"

ಆಸ್ಪತ್ರೆಯವರನ್ನು ಏನು ಕೇಳುವುದಿದ್ದರೂ ಮ್ಯಾನೇಜರ ಮೂಲಕವೇ ಕೇಳಬೇಕೆಂಬುದು ಅಲ್ಲಿನ ವೇದವಾಕ್ಯ. ಪುರೋಹಿತರ ಮಗಳು ಅದನ್ನು ಅಲ್ಲೇ ಮುರಿದು, ಅವರೆದುರೇ ಫೋನ್ ಹಚ್ಚಿದರು. ಆ ಕಡೆಯವರು ಡಾಕ್ಟರನ್ನೇ ವಿಚಾರಿಸಿ ಹೇಳಿದರು: ಅಮಿಯೋಡರೋನ್. ಎದೆಬಡಿತದ ತಾಳ ಸರಿಪಡಿಸುವ ಮಾತ್ರೆ, ಇನ್ನೂರು ಮಿಲಿಗ್ರಾಂ.

ಆಸ್ಪತ್ರೆಯಿಂದ ಧನ್ಯವಾದದ ಮೇಲ್ ಬಂತು. ಮ್ಯಾನೇಜರು ಅದನ್ನು ಪ್ರಿಂಟು ಹಾಕಿಸಿ ಗೋಡೆಗೆ ಅಂಟಿಸಿಕೊಂಡರು. ಶಿಸ್ತು ಮೀರಿದ್ದಕ್ಕಾಗಿ ಅದೇ ಸಂಜೆ ಜಾನಕಿ ಮೇಡಂರನ್ನೇ ಕೆಲಸದಿಂದ ತೆಗೆದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಈ ಗೋಡೆಗೇ ಬೆಂಕಿ ಹಚ್ಬೇಕು ಮೇಡಂ."

"ಹಚ್ಚುವೆಯಂತೆ. ಮೊದಲು ಕೈಲಿರೋ ಫೈಲಿಗೆ ಗೋತ್ರ ನೋಡು" ಎಂದು ಬೈದು, ಟಿಫನ್ ಡಬ್ಬಿ ಚೀಲಕ್ಕೆ ತುರುಕಿ ಬಸ್ಸಿಗೆ ನಡೆದರು.

ಅವರ ಜಾಗ ಈಗಲೂ ಖಾಲಿಯಿದೆ.