ಗೋಪುರದ ಬಯಕೆ ಊಟ

ಫೋರ್ಟ್ ಕೊಚ್ಚಿಯ ಹಳೇ ಗೋಪುರದ ತುದಿಯಿಂದ ಒಂದು ಕಾಲದಲ್ಲಿ ಹಡಗುಗಳಿಗೆ ಬಾವುಟ ತೋರಿಸುತ್ತಿದ್ದರು. ತೋರಿಸುತ್ತಿದ್ದವರು ನಮ್ಮ ಮಂಜೇಶ್ವರ ಕಡೆಯ ಪರಮೇಶ್ವರಿಯಕ್ಕನ ಗಂಡ. ಬುಡದ ಕೋಣೆಯಲ್ಲೇ ಸಂಸಾರ. ಅವರು ತೀರಿಕೊಂಡರು, ಗೋಪುರ ಐಷಾರಾಮಿ ಹೋಟೆಲ್ ಆಯಿತು, ಅಕ್ಕ ಅಲ್ಲೇ ಅಡುಗೆಗೆ ನಿಂತರು. ಸಂಸಾರ ಮಾಡಿದ ಕೋಣೆಯೇ ಅಡುಗೆಮನೆ. ಮಲಗಲು ಹಿಂದಿನ ಶೆಡ್ಡಿನಲ್ಲಿ ಒಂದು ಮಂಚ. ಮಗಳು ನವ್ಯಾ ದೂರದ ತುಂಬ ಎಂಬ ಊರಿನಲ್ಲಿ ಅತ್ತೆ ಮಾವನ ಜೊತೆಗಿದ್ದಳು. ಬೀಗರ ಮನೆಯಲ್ಲಿ ಹೋಗಿ ಕೂರಲು ಅಕ್ಕನಿಗೆ ಮನಸ್ಸಿಲ್ಲ. ಕೆಲಸ ಬಿಟ್ಟರೆ ಆ ಮಂಚವೂ ಇಲ್ಲ.

೨೦೦೬ರ ಡಿಸೆಂಬರಿನಲ್ಲಿ ನವ್ಯಾಗೆ ಏಳು ತಿಂಗಳು. ಬಸುರಿಗೆ ಬಯಕೆ ಊಟವನ್ನು ತಾಯಿಯೇ ಕೈಯಾರೆ ಬಡಿಸಬೇಕು, ಮುಡಿಗೆ ಮಲ್ಲಿಗೆ ಇಡಬೇಕು. ಅಕ್ಕನಿಗೆ ಇದ್ದ ಆಸೆ ಅದೊಂದೇ. ರಜೆ ಕೇಳಿದರೆ, ಕ್ರಿಸ್‌ಮಸ್ ಗಿರಾಕಿಗಳಿದ್ದಾರೆ, ಆಗುವುದಿಲ್ಲ ಎಂದ ಮ್ಯಾನೇಜರ್.

"ನೀನು ಬರ್ಲಿಕ್ಕೆ ಆಗದಿದ್ರೆ ನಾನೇ ಬರ್ತೇನಮ್ಮ" ಎಂದು ನವ್ಯಾ ರೈಲು ಹತ್ತಿ ಬಂದಳು. ಕೊಚ್ಚಿಯಲ್ಲೇ ಕೆಲಸದಲ್ಲಿದ್ದ, ಅಕ್ಕನ ಊರಿನವಳಾದ ನಾನು ಸ್ಟೇಷನ್ನಿಗೆ ಹೋಗಿ ಕರೆತಂದೆ. ಶೆಡ್ಡಿಗೆ ಹೊರಗಿನವರನ್ನು ಬಿಡುವುದಿಲ್ಲ. ಹಾಗಾಗಿ ಗಿರಾಕಿಗಳಂತೆ ನಾವಿಬ್ಬರೂ ಗೋಪುರದ ತುದಿಯ ರೆಸ್ಟೋರೆಂಟಿಗೆ ಹೋಗಿ ಕೂತೆವು. ಅಡುಗೆಯವರು ಮೇಲೆ ಬರಬಾರದೆಂಬ ನಿಯಮ ಆಮೇಲೆ ಗೊತ್ತಾಯಿತು.

"ಐದು ನಿಮಿಷ ಸಾಕು ಸಾರ್, ತಾಯಿ ಬಡಿಸಿ ಹೋಗ್ತಾರೆ" ಎಂದೆ. ನಿಯಮ ಎಲ್ಲರಿಗೂ ಒಂದೇ ಎಂದು ಮ್ಯಾನೇಜರ್ ನಕ್ಕ. ಆ ನಗುವಿಗಿಷ್ಟು ಬೆಂಕಿ ಹಾಕ!

ಕೆಳಗಿನಿಂದ ಊಟ ಪುಟ್ಟ ಲಿಫ್ಟಿನಲ್ಲಿ ಬಂತು. ಬಾಳೆಲೆ, ಕೊಟ್ಟೆ ಕಡುಬು, ಅನಾನಸಿನ ಮೆಣಸ್ಕಾಯಿ, ಕಾಯಿ ಹೋಳಿಗೆ, ಬದಿಯಲ್ಲಿ ಒಂದು ಮೊಳ ಮಲ್ಲಿಗೆ. ಬಡಿಸಿದ್ದು ಕೈಗವಸು ಹಾಕಿದ ವೇಟರ್. ಮಲ್ಲಿಗೆಯನ್ನು ನಾನೇ ಮುಡಿಸಿದೆ. ನವ್ಯಾ ಅಳುತ್ತಲೇ ಉಂಡಳು.

ಪಕ್ಕದ ಮೇಜಿನ ವಿದೇಶಿಯರು ಫೋಟೋ ತೆಗೆದು, ಇದೇನು ಎಂದು ಕೇಳಿದರು. ಅಮ್ಮನ ಕೈಯ ಬಯಕೆ ಊಟ ಎಂದು ನವ್ಯಾ ಇಂಗ್ಲಿಷಿನಲ್ಲಿ ವಿವರಿಸಿದಳು. ನಮಗೂ ಅದೇ ಬೇಕು ಎಂದರು ಅವರು. ಮ್ಯಾನೇಜರ್ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತ ನಿಂತಿದ್ದ.

ಮಾರ್ಚಿನಲ್ಲಿ ಮತ್ತೆ ಹೋದೆ. ಬಾಗಿಲಲ್ಲೇ ಬೋರ್ಡು: ಗೋಪುರದ ವಿಶೇಷ, ಅಮ್ಮನೇ ಬಡಿಸುವ ಬಯಕೆ ಊಟ. ಚಿನ್ನದಂಚಿನ ಕಸವು ಸೀರೆ ಉಟ್ಟ ಅಕ್ಕ ಮೇಲೆಯೇ ಇದ್ದರು. ನಿಯಮ ಎಲ್ಲಿ ಹೋಯಿತೋ!

"ಕಲ್ಯಾಣೀ, ನವ್ಯಾಗೆ ಹೆಣ್ಣು ಮಗು. ಫೋನಲ್ಲಿ ಅಳುದು ಕೇಳಿತು" ಎಂದರು ನನ್ನ ಎಲೆಗೆ ಕಡುಬು ಹಾಕುತ್ತ.

"ಬಾಣಂತನಕ್ಕೆ ಹೋಗ್ಲಿಕ್ಕಿಲ್ವಾ ಅಕ್ಕ?"

"ರಜೆ ಕೇಳಿದೆ. ಈಗ ಎಲ್ಲ ನಿಮ್ಮನ್ನು ನೋಡ್ಲಿಕ್ಕೇ ಬರುದು ಚೇಚಿ, ನೀವು ಹೋದ್ರೆ ಹೇಗೆ ಅಂತಾರೆ ಮ್ಯಾನೇಜರ್."

ಅತ್ತ ಬಿಳಿ ಹೆಂಗಸೊಬ್ಬಳು ಹೋಳಿಗೆಗೆ ಕೈ ಎತ್ತಿದಳು. "ಬಂದೆ ಮಗಳೇ" ಎಂದು ಅಕ್ಕ ಓಡಿದರು. ಹಾಗೆ ಕರೆಯಬೇಕೆಂದು ಮ್ಯಾನೇಜರ್ ಹೇಳಿಕೊಟ್ಟಿದ್ದನಂತೆ.