ಚಾಚಾನ ಸಾಬೂನು

ಕಾರಿನ ಗಾಜಿಗೆ ಮಂಜು ಯಾಕೆ ಕಟ್ಟುತ್ತದೆ ಎಂದು ಕೇಳಿದರೆ ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಬಲ್ಲೆ. ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಉಸಿರಿನ ಬಿಸಿ ಹಬೆ ತಣ್ಣನೆಯ ಗಾಜಿಗೆ ತಾಗಿ ಸಣ್ಣ ಸಣ್ಣ ಹನಿಯಾಗುತ್ತದೆ, ಅಷ್ಟೇ. ಇಷ್ಟು ಗೊತ್ತಿದ್ದೂ ಒಬ್ಬ ವಯಸ್ಸಾದ ಮನುಷ್ಯನ ಎದುರು ನಿಂತು ಸುಳ್ಳು ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಹೇಳಿಕೊಳ್ಳುವಂಥ ಕಥೆಯಲ್ಲ. ಹೇಳದೆ ಎರಡು ಮಳೆಗಾಲ ಕಳೆದದ್ದಂತೂ ಇನ್ನೂ ಕೆಟ್ಟದ್ದು.

ನನ್ನ ಅಣ್ಣನಿಗೆ ರೇಸಿನ ಹುಚ್ಚು. ಸರಸ್ವತಿ ನಗರದ ನಮ್ಮ ಮನೆಯ ಮುಂದೆ ನಿಂತಿರುವ ಹಳೆಯ ಸಣ್ಣ ಕಾರಿನಲ್ಲಿ ಎಸಿ ಇಲ್ಲ, ಹೀಟರ್ ಇಲ್ಲ, ಹಿಂದಿನ ಸೀಟೂ ಇಲ್ಲ. ತೂಕ ಇಳಿಯಲಿ ಎಂದು ಎಲ್ಲವನ್ನೂ ಕಿತ್ತು ಹಾಕಿದ್ದಾನೆ. ಓಟದಲ್ಲಿ ಅವನು ಸ್ಟೀರಿಂಗ್ ಹಿಡಿದರೆ, ಪಕ್ಕದಲ್ಲಿ ಕೂತವರು ನೋಟ್‌ಬುಕ್ ನೋಡಿ ಮುಂದಿನ ತಿರುವನ್ನು ಮೊದಲೇ ಕೂಗಿ ಹೇಳಬೇಕು. ಮನೆಯಲ್ಲಿ ಬಾಯಿ ಜೋರು ಎಂಬ ಕೀರ್ತಿ ನನಗೇ ಇದ್ದುದರಿಂದ ಆ ಸೀಟು ನನ್ನ ಪಾಲಿಗೆ ಬಂತು. ಬಿಸಿಲಿನಲ್ಲಿ ತೊಂದರೆಯಿಲ್ಲ. ಮಳೆ ಬಂದರೆ ಕಿಟಕಿ ಏರಿಸಬೇಕು, ಕಿಟಕಿ ಏರಿಸಿದರೆ ಗಾಜು ಬೆಳ್ಳಗಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಮಂಜು ನನ್ನ ಕೂಗಾಟದ್ದೇ. "ಸ್ವಲ್ಪ ಉಸಿರು ಹಿಡ್ಕಂಡು ಓದೇ ಮಾರಾಯ್ತಿ" ಎಂದು ಅಣ್ಣ ರೇಗಿಸುತ್ತಿದ್ದ.

ಅದಕ್ಕೆ ಮದ್ದು ಇದ್ದದ್ದು ವಿನೋಬನಗರದಲ್ಲಿ. ಅಲ್ಲಿ ಒಬ್ಬ ಚಾಚಾ ಆಟೋ, ಟೆಂಪೋಗಳಿಗೆ ಗಾಜು ಕೂರಿಸುತ್ತಾರೆ. ಮುಂಗಾರು ಶುರುವಾಯಿತೆಂದರೆ ಅವರ ಅಂಗಡಿ ಮುಂದೆ ಆಟೋಗಳು ಸಾಲು ನಿಲ್ಲುತ್ತಿದ್ದವು, ಗಾಜಿಗೆ ಸಾಬೂನು ಹಾಕಿಸಿಕೊಳ್ಳಲು. ಒಣ ಸಾಬೂನಿನ ತುಂಡನ್ನು ಗಾಜಿನ ಒಳಮೈಗೆ ಗೀಚಿ, ಮಲ್ಮಲ್ ಬಟ್ಟೆಯಿಂದ ತಿಕ್ಕುತ್ತಾರೆ. ಮತ್ತೆ ಗೀಚುತ್ತಾರೆ, ಮತ್ತೆ ತಿಕ್ಕುತ್ತಾರೆ. ಹೀಗೆ ಮೂರು ಸಲ. ಕೊನೆಗೆ ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ತಿಳಿ.

"ಸಾಬೂನು ಕಾಣಬಾರ್ದು ಬೇಟಿ, ಗಾಜೂ ಕಾಣಬಾರ್ದು. ದಾರಿ ಒಂದೇ ಕಾಣ್ಬೇಕು" ಎನ್ನುತ್ತಿದ್ದರು.

ಅವರು ಮಾಡುತ್ತಿದ್ದದ್ದು ಸರಿಯಾಗಿತ್ತು. ಸಾಬೂನಿನ ಪದರ ನೀರನ್ನು ಹನಿಯಾಗಿ ನಿಲ್ಲಲು ಬಿಡುವುದಿಲ್ಲ, ತೆಳ್ಳಗೆ ಹರಡಿಸಿಬಿಡುತ್ತದೆ. ಆಗ ಗಾಜಿನ ಮೇಲೆ ನೀರಿದ್ದರೂ ದಾರಿ ಕಾಣುತ್ತದೆ. ಎಣ್ಣೆ ಬಿದ್ದರೆ ಇದೆಲ್ಲ ಕೆಟ್ಟಿತು. ಈ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ, ಪರೀಕ್ಷೆಗೂ ಕೊಡುತ್ತೇನೆ.

ಆ ವರ್ಷ ಹರಿಹರದ ಆಚೆ, ಹೊಳೆಯ ಹತ್ತಿರದ ಬಯಲಿನಲ್ಲಿ ಕೆಸರಿನ ಓಟ ಇತ್ತು. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ನಾವು ಕರೆಯದಿದ್ದರೂ ಚಾಚಾ ಅಂಗಡಿ ಮುಚ್ಚಿ ಬಸ್ಸಿನಲ್ಲಿ ಬಂದಿದ್ದರು. ತಗಡಿನ ಶೆಡ್ಡಿನಡಿ ಒಂದು ಗಂಟೆ ನಮ್ಮ ಗಾಜು ತಿಕ್ಕಿದರು. ಮುಗಿದ ಮೇಲೆ ಮಡಿಸಿದ ಹೊಸ ಮಲ್ಮಲ್ ಬಟ್ಟೆಯೊಂದನ್ನು ನನ್ನ ಕೈಗೆ ಕೊಟ್ಟರು.

"ಬೇಕಾದ್ರ ಇದೊಂದ್ರಾಗ ಮಾತ್ರ ಒರಸು. ಕೈ ಹಚ್ಚಬ್ಯಾಡ, ಬ್ಯಾರೆ ಏನೂ ಹಚ್ಚಬ್ಯಾಡ."

ನಮ್ಮ ಸರದಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ಅಣ್ಣ ಕಾಗದಪತ್ರಕ್ಕೆ ಸಹಿ ಹಾಕಲು ಶೆಡ್ಡಿಗೆ ಹೋದ. ನಾನು ಕಾರಿನೊಳಗೆ ಕೂತು ಮಿರ್ಚಿ ಮಂಡಕ್ಕಿ ತಿಂದೆ. ನಮ್ಮ ಕಡೆಯವರಿಗೆ ಮಳೆ ಬಂದರೆ ಮಿರ್ಚಿ ಬೇಕೇ ಬೇಕು, ಅದರಲ್ಲಿ ತಪ್ಪೇನಿಲ್ಲ. ತಪ್ಪು ಆಮೇಲೆ ಆಯಿತು. ನನ್ನ ಎದುರಿನ ಗಾಜಿನಲ್ಲಿ ಬೊಟ್ಟಿನಷ್ಟು ದೊಡ್ಡ ಮಬ್ಬು ಕಂಡಿತು. ಗಾಜಿಗೆ ಪೇಪರಿನಷ್ಟು ಒಳ್ಳೆಯದು ಯಾವುದೂ ಇಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುವವರೇ. ಕನ್ನಡಿ, ಕಿಟಕಿ ಎಲ್ಲವನ್ನೂ ಪೇಪರಿನಲ್ಲೇ ಒರೆಸಿ ಬೆಳೆದವರು ನಾವು. ಬಟ್ಟೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು. ಮಿರ್ಚಿ ಕಟ್ಟಿಕೊಟ್ಟ ಪೇಪರು ತೊಡೆಯ ಮೇಲೇ ಇತ್ತು. ಒಣಗಿದಂತೆ ಕಂಡ ಒಂದು ಮೂಲೆಯಿಂದ ಆ ಮಬ್ಬು ಒರೆಸಿದೆ. ಚೆನ್ನಾಗಿ ಹೋಯಿತು. ಇನ್ನಷ್ಟು ಚೆನ್ನಾಗಿರಲಿ ಎಂದು ಅಣ್ಣನ ಕಡೆಯ ಗಾಜನ್ನೂ ಮೇಲಿನಿಂದ ಕೆಳಗಿನವರೆಗೆ ಒರೆಸಿದೆ.

ಹೊರಟು ಎರಡು ತಿರುವು ದಾಟುವಷ್ಟರಲ್ಲಿ ಗಾಜಿನ ಮೇಲೆ ಗೆರೆ ಗೆರೆಯಾಗಿ ಬಿಳುಪು ಎದ್ದಿತು. ನಾನು ಕೂಗಿದಷ್ಟೂ ದಟ್ಟವಾಯಿತು. "ಕಾಣ್ತಿಲ್ಲ, ಏನೂ ಕಾಣ್ತಿಲ್ಲ" ಎಂದು ಅಣ್ಣ ಕಿರುಚಿದ. ನಾನು ನೋಟ್‌ಬುಕ್ ನೋಡಿ ಬಲಕ್ಕೆ ಎಂದೆ. ಅವನು ನನ್ನ ಮಾತು ನಂಬಿಯೇ ತಿರುಗಿಸಿದ, ಆದರೆ ತಡವಾಗಿತ್ತು. ಕಾರು ಜಾರಿ ಬದುವಿಗೆ ಹೊಡೆಯಿತು. ಅವನ ಎಡ ಮಣಿಕಟ್ಟು ಮುರಿಯಿತು.

ಜನ ಓಡಿ ಬಂದು ಅಣ್ಣನನ್ನು ಇಳಿಸಿಕೊಂಡು ಹೋದರು. ನನಗೆ ಏನೂ ಆಗಿರಲಿಲ್ಲ. ಬೆಲ್ಟು ಬಿಚ್ಚುತ್ತಾ ಮುಂದಕ್ಕೆ ಬಾಗಿದಾಗ ಗಾಜಿನಿಂದ ಮಿರ್ಚಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಆಗ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಖಾನೆಯಿಂದ ಚಾಚಾ ಕೊಟ್ಟ ಮಲ್ಮಲ್ ತೆಗೆದು, ವಾಸನೆ ಹೋಗುವವರೆಗೂ ಗಾಜು ಒರೆಸಿ, ಆ ಬಟ್ಟೆಯನ್ನು ಜೇಬಿಗೆ ತುರುಕಿಕೊಂಡು ಇಳಿದೆ. ಹೆದರಿದ್ದೆ, ನಿಜ. ಆದರೆ ಏನು ಮಾಡುತ್ತಿದ್ದೇನೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಶೆಡ್ಡಿನಲ್ಲಿ ಅಣ್ಣನ ಕೈಗೆ ಪಟ್ಟಿ ಕಟ್ಟುತ್ತಿದ್ದರು. ಚಾಚಾ ಪಕ್ಕದಲ್ಲಿ ಬಿಳಿಚಿಕೊಂಡು ನಿಂತಿದ್ದರು. ನೋವಿನಲ್ಲಿ ಅಣ್ಣ ಎಲ್ಲರ ಎದುರು ಅಂದುಬಿಟ್ಟ: "ನಿಮ್ಮ ಸಾಬೂನು ನಂಬ್ಕಂಡು ಕಣ್ಣು ಕಳ್ಕಂಡೆ ಚಾಚಾ."

ಚಾಚಾ ಗಾಜು ನೋಡಿ ಬರುತ್ತೇನೆಂದು ಕಾರಿನ ಕಡೆ ಹೆಜ್ಜೆ ಹಾಕಿದರು. ನಾನು ಅಡ್ಡ ನಿಂತೆ. ನೋಡುವುದಕ್ಕೇನೂ ಇಲ್ಲ, ಇಷ್ಟು ತೇವದಲ್ಲಿ ಸಾಬೂನು ನೀರು ಹೀರಿಕೊಂಡು ಊದಿ ಬೆಳ್ಳಗಾಗುತ್ತದೆ, ಇದು ವಿಜ್ಞಾನ, ಸಾಬೂನು ಹಾಕುವುದೇ ಅಪಾಯ ಎಂದೆ. ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ. ಸುತ್ತ ನಿಂತವರು ತಲೆಯಾಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಜ್ವರ ಬಂದ ಎತ್ತೇ ಬರೆ ಎಳೆಯಿತು.

"ನಮಗೆ ಓದು ಇಲ್ಲ ಮೇಡಂ. ಗೊತ್ತಾಗ್ಲಿಲ್ಲ" ಎಂದರು ಚಾಚಾ. ಅಲ್ಲಿಯವರೆಗೆ ನನ್ನನ್ನು ಬೇಟಿ ಎನ್ನುತ್ತಿದ್ದವರು ಅವರು.

ಅಣ್ಣನ ಕೈ ಕೂಡಿತು. ಚಾಚಾನ ಅಂಗಡಿಗೆ ನಾವು ಮತ್ತೆ ಹೋಗಲಿಲ್ಲ. ಬಟ್ಟೆಯನ್ನು ಒಗೆಯಲೂ ಇಲ್ಲ, ಎಸೆಯಲೂ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಬೀರುವಿನ ತಳಕ್ಕೆ ಹಾಕಿದೆ. ಸೀರೆ ತೆಗೆಯುವಾಗಲೆಲ್ಲ ಚೀಲ ಸರಬರ ಎನ್ನುತ್ತಿತ್ತು. ನಾಳೆ ಹೋಗಿ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ನಾಳೆ ಎಂಬುದು ಎರಡು ಮಳೆಗಾಲ ಉದ್ದವಾಯಿತು.

ಕಳೆದ ಜುಲೈನಲ್ಲಿ ಕಾಲೇಜಿನಿಂದ ಮನೆಗೆ ಆಟೋದಲ್ಲಿ ಹೊರಟಿದ್ದೆ. ಜಡಿಮಳೆ, ಎರಡೂ ಕಡೆ ಪರದೆ ಇಳಿಸಿದ್ದರು. ಚಾಲಕ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಗಾಜು ಒರೆಸುತ್ತಲೇ ಇದ್ದ. ಎದುರಿನ ಸ್ಕೂಟರೊಂದು ಸ್ವಲ್ಪದರಲ್ಲಿ ತಪ್ಪಿತು.

"ವಿನೋಬನಗರದ ಚಾಚಾ ಹತ್ರ ಸಾಬೂನು ಹಾಕಿಸ್ಬಾರ್ದಾ?" ಎಂದೆ. ಬಾಯಿಗೆ ಬಂದುಬಿಟ್ಟಿತು.

"ಅವ್ರು ಈಗ ಹಾಕಲ್ರಿ ಮೇಡಂ. ಕಾಲು ಹಿಡಿದ್ರೂ ಹಾಕಲ್ಲ. ಯಾರೋ ಓದಿದೋರು ಅದು ಡೇಂಜರ್ ಐತೆ ಅಂತ ಹೇಳ್ಯಾರಂತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಐಡಿ ಕಾರ್ಡನ್ನು ಸೆರಗಿನೊಳಗೆ ಸೇರಿಸಿದೆ. ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದ್ದೇನೆ ಎಂದುಕೊಂಡಿದ್ದೆ. ಊರಿನ ಆಟೋಗಳೆಲ್ಲ ನನ್ನ ಸುಳ್ಳು ಹೊತ್ತುಕೊಂಡು ಮಳೆಯಲ್ಲಿ ಓಡುತ್ತಿರುವುದು ಗೊತ್ತಿರಲಿಲ್ಲ.

ಮರುದಿನ ಭಾನುವಾರ. ಚೀಲ ತೆಗೆದುಕೊಂಡು ಹೋದೆ. ಚಾಚಾ ಅಂಗಡಿಯಲ್ಲಿ ಒಬ್ಬರೇ ಇದ್ದರು. "ಬರ್ರಿ ಮೇಡಂ, ಕೂಡ್ರಿ" ಎಂದು ಸ್ಟೂಲ್ ಒರೆಸಿ ಹಾಕಿದರು. ಅಣ್ಣನ ಕೈ ಹೇಗಿದೆ ಎಂದು ಮೊದಲು ಕೇಳಿದರು. ನಾನು ಕೂರಲಿಲ್ಲ. ಬಟ್ಟೆ ಬಿಚ್ಚಿ ಅವರ ಮುಂದೆ ಇಟ್ಟೆ. ಪೇಪರು, ಮಿರ್ಚಿ, ಆಮೇಲೆ ಒರೆಸಿದ್ದು, ವಿಜ್ಞಾನ ಹೇಳಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅವರು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರು. ಕಲೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಹಂಗಾದ್ರ ನನ್ನ ಕೈ ತಪ್ಪಿರ್ಲಿಲ್ಲ?"

"ಇಲ್ಲ ಚಾಚಾ."

"ಸಾಬೂನು ಸರಿ ಇತ್ತು?"

"ಸರಿ ಇತ್ತು."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವರು ಬಟ್ಟೆಯನ್ನು ಮಡಿಸುತ್ತಾ ಮೆಲ್ಲಗೆ ಹೇಳಿದರು: "ನಿಮ್ಮಣ್ಣ ಎದುರು ಬಂದ್ರ ನಾ ರಸ್ತೆ ದಾಟಿ ಆಕಡಿ ಹೋಗ್ತಿದ್ದೆ ಮೇಡಂ. ಅವ್ರ ಕೈ ನೋಡಾಕ ನಾಚ್ಕಿ ನನಗ. ಲೋಕಿಕೆರೆಯಿಂದ ಒಬ್ಬ ಟೆಂಪೋದವ ಹುಡುಕ್ಕಂಡು ಬಂದಿದ್ದ, ಬ್ಯಾಡ ಅಂತ ವಾಪಸ್ ಕಳಿಸ್ದೆ. ರಾತ್ರಿ ಮಲಗಿದ್ರ ಒಂದೇ ಮಾತು ಕಿವ್ಯಾಗ. 'ನಿಮ್ಮ ಸಾಬೂನು ನಂಬ್ಕಂಡು ಕಣ್ಣು ಕಳ್ಕಂಡೆ ಚಾಚಾ.'"

ನಾನು ಪಡಬೇಕಾಗಿದ್ದ ನಾಚಿಕೆಯನ್ನು ಎರಡು ವರ್ಷ ಅವರು ಪಟ್ಟಿದ್ದರು. ನನಗೆ ಅಳು ಬಂತು. ಅವರ ಎದುರು ಅಳುವುದಕ್ಕೂ ನಾಚಿಕೆಯಾಯಿತು.

"ನಿಮ್ಮಣ್ಣಗೆ ಹೇಳೀರಾ?" ಎಂದು ಕೇಳಿದರು.

ಹೇಳಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿ ಅವನನ್ನು ಕರೆದೆ. ಹತ್ತು ನಿಮಿಷದಲ್ಲಿ ಅವನ ಬೈಕು ಓಣಿಗೆ ತಿರುಗಿತು. ಅದನ್ನು ಕಂಡದ್ದೇ ಚಾಚಾ ಅಭ್ಯಾಸದಂತೆ ಎದ್ದು ಒಳಗೆ ಹೋಗಲು ತಿರುಗಿದರು. ಆಮೇಲೆ ನೆನಪಾದವರಂತೆ ನಿಂತು, ಮತ್ತೆ ಕೂತರು. ಅಣ್ಣ ಹೆಲ್ಮೆಟ್ ತೆಗೆಯುವ ಮೊದಲೇ ನಾನು ಶುರು ಮಾಡಿದೆ.

ಅವನು ನಿಂತಲ್ಲೇ ಕೇಳಿದ. ನನ್ನ ಮುಖ ನೋಡಲಿಲ್ಲ. ನಾನು ಮುಗಿಸಿದ ಮೇಲೆ ಚಾಚಾನ ಪಕ್ಕ ಕೂತು, ಪೂರ್ತಿ ತಿರುಗದ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ: "ಚಾಚಾ, ಅವತ್ತು ಎಲ್ಲರ ಮುಂದೆ ನಾನು ನಿಮಗೆ ಏನೋ ಅಂದೆ. ಏನಂದೆ?"

"ಅದೆಲ್ಲಿ ನೆನಪಿರ್ತೈತಪ್ಪ" ಎಂದರು ಚಾಚಾ. "ಆವತ್ತೇ ಮರ್ತು ಹೋತು."